ಸೆಲವು ಅಂದರೆ ಕೆಲಸ ಬಿಡಿಸುವುದಲ್ಲ

ತೆಲುಗಿನಲ್ಲಿ ‘ಸೆಲವು’ ಅಂದರೆ ರಜೆಯೂ ಹೌದು, ‘ಇನ್ನು ಹೋಗಿಬರುತ್ತೇನೆ’ ಎಂಬ ಬೀಳ್ಕೊಡುಗೆಯೂ ಹೌದು. ಗಡಿಯ ಈಚೆ ಆಚೆ ಕೂಲಿಯವರ ಪಾಲಿಗೆ ಈ ಎರಡೂ ಅರ್ಥ ಒಂದೇ ಆಗಿಬಿಟ್ಟಿವೆ. ನಮ್ಮ ಹೊಲದಲ್ಲಿ ವರ್ಷಾ ಹತ್ತಿ ಬಿಡಿಸುವ ಹೆಣ್ಣುಮಗಳೊಬ್ಬಳ ಮಗಳು ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಹದಿನೆಂಟು ಜನ ದುಡಿಯುವ ಜಾಗ. ಏಳನೇ ತಿಂಗಳಲ್ಲಿ ಮಾಲೀಕರು, ‘ಹೆರಿಗೆ ಮುಗಿಸ್ಕೊಂಡು ಬಾರಮ್ಮ, ಆಮೇಲೆ ನೋಡೋಣ’ ಅಂದರು. ಕೂಸಿಗೆ ಐದು ತಿಂಗಳಾದ ಮೇಲೆ ಹೋದರೆ ಅವಳ ಮಿಷನ್ನಿನ ಮುಂದೆ ಬೇರೆ ಹುಡುಗಿ ಕೂತಿದ್ದಳು. ‘ಕೆಲಸಾನೂ ಹೋತು, ರೊಕ್ಕಾನೂ ಇಲ್ಲ ಅಣ್ಣಾ’ ಅಂತ ತಾಯಿ ನನ್ನ ಮುಂದೆ ಅತ್ತಳು.

ಆ ಮಾಲೀಕರು ಕೆಟ್ಟವರೆಂದು ನಾನು ಹೇಳಲಾರೆ. ಅವರಿಗಿದ್ದುದು ಹೆದರಿಕೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೇರಿತು. ಆರು ತಿಂಗಳ ಸಂಬಳ ಕೂತಲ್ಲೇ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಸಣ್ಣ ಮಾಲೀಕರನ್ನು ಕಾಡುವುದು ಸಹಜ. ಆದರೆ ಉತ್ತರ ಕಾನೂನಿನಲ್ಲೇ ಇದೆ. ಇ.ಎಸ್.ಐ.ಗೆ ಸೇರಿದ ಮಾಲೀಕ ಆ ಸಂಬಳ ಕೊಡಬೇಕಾಗಿಲ್ಲ, ವಿಮಾ ನಿಗಮ ಕೊಡುತ್ತದೆ. ಸೇರದವನ ಕಿಸೆಗೇ ಅದು ಕೈಹಾಕುತ್ತದೆ.

ಲೆಕ್ಕ ನೋಡಿ. ಹತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳದವರು ಇದರ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈಯಿಂದ ಮಾಲೀಕರ ವಂತಿಗೆ ಶೇ. 3.25, ಕೆಲಸಗಾರರದು ಶೇ. 0.75. ಸಂಬಳ 12,000 ಆದರೆ ಮಾಲೀಕರು ತಿಂಗಳಿಗೆ 390 ರೂಪಾಯಿ, ಕೆಲಸದವರು 90 ರೂಪಾಯಿ ಕಟ್ಟಬೇಕು. ಅದೇ ಹೆಣ್ಣುಮಗಳ ಆರು ತಿಂಗಳ ಸಂಬಳ 72,000. ಹದಿನೆಂಟು ಜನರ ವಂತಿಗೆ ಕೂಡಿಸಿದರೆ ವರ್ಷಕ್ಕೆ 84,240 ಆಗುತ್ತದಲ್ಲಾ ಎಂದು ವ್ಯಾಪಾರಸ್ಥರು ಕೇಳಬಹುದು. ಆದರೆ ಅದು ಬರೀ ಹೆರಿಗೆಯ ಬಾಬತ್ತಲ್ಲ. ಕಾಯಿಲೆ ಬಿದ್ದರೆ ವರ್ಷದಲ್ಲಿ 91 ದಿನದವರೆಗೆ ಶೇ. 70ರಷ್ಟು ಸಂಬಳ, ಮನೆಯವರಿಗೂ ಚಿಕಿತ್ಸೆ, ಕೆಲಸದಲ್ಲಿ ಕೈಕಾಲು ಪೆಟ್ಟಾದರೆ ಪರಿಹಾರ ಎಲ್ಲ ಅದರಲ್ಲೇ ಸೇರಿದೆ.

ಇಲ್ಲಿ ಮೂರು ಎಚ್ಚರಿಕೆ. ಒಂದು, ಬಸುರಿಯಾದ ಮೇಲೆ ಓಡಾಡಿದರೆ ತಡವಾಯಿತು. ಹೆರಿಗೆ ಭತ್ಯೆಗೆ ಹಿಂದಿನ ಎರಡು ಆರು-ತಿಂಗಳ ಅವಧಿಗಳಲ್ಲಿ ಕನಿಷ್ಠ 70 ದಿನದ ವಂತಿಗೆ ಬಿದ್ದಿರಬೇಕು. ಎರಡು, ಪೀಸ್ ಲೆಕ್ಕದವರು, ಮೇಸ್ತ್ರಿ ಕರೆತಂದವರು ಎಲ್ಲರೂ ಎಣಿಕೆಗೆ ಬರುತ್ತಾರೆ. ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರು ಬರೆದರೆ ಹತ್ತನೆಯವ ಮಾಯವಾಗುವುದಿಲ್ಲ, ಸಿಕ್ಕಿಬಿದ್ದ ದಿನ ಹಳೇ ಬಾಕಿ ಬಡ್ಡಿ ಸಮೇತ ಬರುತ್ತದೆ. ಮೂರು, ಹೆರಿಗೆ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವಂತಿಲ್ಲ.

ನಮ್ಮ ಆದೋನಿ ಸೀಮೆಯವರು ಮರೆಯಬಾರದ ಸಂಗತಿ ಇನ್ನೊಂದಿದೆ. ಬರೀ ಹತ್ತಿ ಜಿನ್ನಿಂಗ್, ಪ್ರೆಸ್ಸಿಂಗ್, ಶೇಂಗಾ ಸಿಪ್ಪೆ ಸುಲಿಯುವುದು ಇಷ್ಟನ್ನೇ ಮಾಡುವ ಗಿರಣಿಗಳನ್ನು ಕಾನೂನು ‘ಹಂಗಾಮಿನ ಕಾರ್ಖಾನೆ’ ಎಂದು ಇ.ಎಸ್.ಐ.ಯಿಂದ ಹೊರಗಿಟ್ಟಿದೆ. ‘ಹಂಗಾದ್ರೆ ನಾವು ಪಾರಾದ್ವಿ’ ಎಂದು ಮಿಲ್ಲಿನವರು ಅಂದುಕೊಂಡರೆ ತಪ್ಪು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದ ಹೆಣ್ಣುಮಗಳಿಗೆ ಹೆರಿಗೆ ಸಂಬಳ ಅಲ್ಲಿ ಮಾಲೀಕರೇ ಕೊಡಬೇಕು. ಯಂತ್ರಕ್ಕೆ ಕೈ ಸಿಕ್ಕರೆ ಪರಿಹಾರವೂ ಅವರದೇ ಹೊಣೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಹಳೇ ಕಾನೂನುಗಳೆಲ್ಲ ಅದರೊಳಗೆ ಸೇರಿವೆ. ಹತ್ತು ಜನ, 26 ವಾರ, ಹಂಗಾಮಿನ ವಿನಾಯಿತಿ ಇವು ಅದರಲ್ಲೂ ಉಳಿದಿವೆ.

ಗಡಿಯವರಿಗೆ ಒಂದು ಸಮಾಧಾನವೂ ಇದೆ. ಇ.ಎಸ್.ಐ. ಕೇಂದ್ರದ ನಿಗಮ. ರಾಯದುರ್ಗದ ಕಡೆ ಮನೆ ಇದ್ದು ಬಳ್ಳಾರಿಯಲ್ಲಿ ಹೊಲಿದರೂ ವಿಮಾ ಸಂಖ್ಯೆ ಒಂದೇ, ಭತ್ಯೆ ಬ್ಯಾಂಕ್ ಖಾತೆಗೇ ಬೀಳುತ್ತದೆ. ರೇಷನ್ ಕಾರ್ಡಿನ ಹಾಗೆ ‘ನೀನು ಯಾವ ರಾಜ್ಯದವಳು’ ಎಂಬ ತಕರಾರು ಇಲ್ಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನನ್ನ ಹೊಲದ ಲೆಕ್ಕವನ್ನೂ ಹೇಳಲೇಬೇಕು. ಹೊಲದ ಕೂಲಿಯವರಿಗೆ ಇ.ಎಸ್.ಐ. ಇಲ್ಲ. ಹೆರಿಗೆ ಸಂಬಳದ ಕಾನೂನೂ ನಮ್ಮ ಬದುವಿನ ತನಕ ಬರುವುದಿಲ್ಲ. ಬಡ ತಾಯಂದಿರಿಗೆ ಮಾತೃವಂದನಾ ಯೋಜನೆಯಲ್ಲಿ ಮೊದಲ ಕೂಸಿಗೆ 5,000, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಇದೆ. ಅರ್ಜಿ ಅಂಗನವಾಡಿಯಲ್ಲಿ. ನಮ್ಮ ಹೊಲಕ್ಕೆ ಬರುವವರಲ್ಲಿ ಎಷ್ಟು ಜನ ಅರ್ಜಿ ಕೊಟ್ಟಿದ್ದಾರೆಂದು ನಾನು ಈವರೆಗೆ ಕೇಳಿರಲಿಲ್ಲ. ಈ ಸಲ ಹತ್ತಿ ಬಿಡಿಸಲು ಬಂದಾಗ ಕೇಳಿದೆ. ಇಬ್ಬರು ಕೊಟ್ಟಿರಲಿಲ್ಲ, ಕರೆದುಕೊಂಡು ಹೋಗಿ ಬರೆಸಿದೆ. ಹೊಲಿಗೆಯ ಮಾಲೀಕರಿಗೂ ಮಿಲ್ಲಿನವರಿಗೂ ನನ್ನ ವಿನಂತಿ ಇಷ್ಟೇ: ಮೊದಲು ನಿಮ್ಮ ಹಾಜರಿ ಪುಸ್ತಕ ತೆಗೆದು ತಲೆ ಎಣಿಸಿ. ಹೆಣ್ಣುಮಗಳು ಸೆಲವು ಕೇಳಿದರೆ ಕೊಡಿ. ಅವಳು ಕೇಳುತ್ತಿರುವುದು ರಜೆ, ಬೀಳ್ಕೊಡುಗೆಯಲ್ಲ.