ನ್ಯಾಯ ಎಂದರೆ ತೀರ್ಪು ಮಾತ್ರವೇ?

'ನ್ಯಾಯ' ಎಂಬ ಪದವನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಅಂಗಡಿಯಲ್ಲಿ ಬೆಲೆ ಜಾಸ್ತಿ ಎನಿಸಿದರೆ 'ಇದು ನ್ಯಾಯವಾ?' ಅನ್ನುತ್ತೇವೆ. ಪಕ್ಕದವನಿಗೆ ಎರಡು ಅಂಕ ಹೆಚ್ಚು ಸಿಕ್ಕಿದರೆ ತರಗತಿಯ ಹುಡುಗನೂ ಅದನ್ನೇ ಕೇಳುತ್ತಾನೆ. ಆದರೆ ನ್ಯಾಯ ಎಂದರೇನು ಎಂದು ಯಾರಾದರೂ ಕೇಳಿದರೆ ಮಾತ್ರ ಸೀದಾ ಕೋರ್ಟಿನ ಕಡೆ ಕೈ ತೋರಿಸಿಬಿಡುತ್ತೇವೆ. ಇದು ಸಾಲದು ಎಂಬುದು ನಮ್ಮ ಅನಿಸಿಕೆ. ಇದಕ್ಕೆ ದೂರದ ಉದಾಹರಣೆಗಳೇನೂ ಬೇಡ, ನಮ್ಮ ಕಾಸರಗೋಡಿನ ಮಣ್ಣಿನಲ್ಲೇ ಇವೆ.

ಮೊದಲು ಕಾನೂನು. ಭಾರತದ ಯಾವ ಕಾನೂನು ಕಾಲೇಜಿಗೆ ಹೋದರೂ ಕೇಶವಾನಂದ ಭಾರತಿ ಪ್ರಕರಣ ಓದದೆ ಹೊರಬರುವ ಹಾಗಿಲ್ಲ. ಆ ಹೆಸರು ನಮ್ಮ ಎಡನೀರು ಮಠದ ಸ್ವಾಮೀಜಿಯವರದು. ಕೇರಳದ ಭೂಸುಧಾರಣಾ ಕಾಯ್ದೆಯಿಂದ ಮಠದ ಭೂಮಿ ಹೋಗುತ್ತದೆಂದು ಅವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ ಬಂದ ತೀರ್ಪಿನ ಸಾರ ಇಷ್ಟು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ದೇಶಕ್ಕೆ ದೊಡ್ಡ ರಕ್ಷಣೆ ಸಿಕ್ಕಿತು. ಆದರೆ ಭೂಮಿಯ ವಿಷಯದಲ್ಲಿ ಮಠಕ್ಕೆ ಪರಿಹಾರ ಸಿಗಲಿಲ್ಲ. 2020ರಲ್ಲಿ ಸ್ವಾಮೀಜಿ ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಅವರನ್ನು ನೆನೆದದ್ದು ಅವರಿಗೆ ಪರಿಹಾರ ಸಿಗದ ಈ ಮೊಕದ್ದಮೆಯಿಂದಲೇ!

ಹಾಗಾದರೆ ಅನ್ಯಾಯವಾಯಿತೇ? ಅವಸರ ಬೇಡ. ಅದೇ ಕಾಯ್ದೆಯಿಂದ ಲಕ್ಷಾಂತರ ಗೇಣಿದಾರರು ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ಒಬ್ಬರ ನಷ್ಟವೇ ಇನ್ನೊಬ್ಬರಿಗೆ ತಲೆಮಾರುಗಳಿಂದ ಬರಬೇಕಿದ್ದ ಬಾಕಿ.

ಇಲ್ಲಿ ಸಾಹಿತ್ಯ ಬಾಯಿ ಹಾಕುತ್ತದೆ. ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಚೋಮನಿಗೆ ಬೇಕಾದದ್ದು ಒಂದು ತುಂಡು ಗದ್ದೆ. ಎತ್ತುಗಳಿವೆ, ಮೈಯಲ್ಲಿ ಕಸುವಿದೆ, ಆದರೆ ಹೊಲೆಯ ಬೇಸಾಯಗಾರ ಆಗಬಾರದು ಎಂಬುದು ಆ ಕಾಲದ ಕಟ್ಟು. ಅವನು ದುಡಿ ಬಡಿಯುತ್ತಲೇ ಸಾಯುತ್ತಾನೆ. ಈಗ ಯೋಚಿಸಿ, ಮುಂದೆ ಬಂದ ಭೂಸುಧಾರಣೆಯಿಂದಲಾದರೂ ಚೋಮನಂಥವನಿಗೆ ಗದ್ದೆ ಸಿಗುತ್ತಿತ್ತೇ? ಕಾಯ್ದೆ ಕೈಹಿಡಿದದ್ದು ಗೇಣಿಗೆ ಉಳುತ್ತಿದ್ದವರನ್ನು. ಚೋಮನಿಗೆ ಗೇಣಿಯೇ ಇರಲಿಲ್ಲವಲ್ಲ! ಒಡೆಯನ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವರಿಗೆ ಕೇರಳದ ಕಾಯ್ದೆ ಹಳ್ಳಿಯಲ್ಲಿ 10 ಸೆಂಟ್ಸ್‌ವರೆಗೆ ಮನೆ ಜಾಗದ ಹಕ್ಕು ಕೊಟ್ಟಿತು. ಅದು ಸಣ್ಣ ಮಾತಲ್ಲ. ಆದರೆ ಚೋಮ ಕೇಳಿದ್ದು ಮನೆ ಜಾಗವನ್ನಲ್ಲ, ಗದ್ದೆಯನ್ನು. ಕಾಯ್ದೆಯ ಲೆಕ್ಕದಿಂದ ಹೊರಗೆ ಉಳಿದವನು ಯಾರು ಎಂದು ತೋರಿಸುವುದು ಸಾಹಿತ್ಯದ ಕೆಲಸ.

ಇನ್ನು ನಮ್ಮ ಸಂಸ್ಕೃತಿ. ಕುಂಬಳೆಯ ಪಾರ್ತಿಸುಬ್ಬನ ನಾಡಿನಲ್ಲಿ ತಾಳಮದ್ದಳೆ ನೋಡದವರು ಕಡಿಮೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥ ಕೇಳಿದ ಹಿರಿಯರು ಇಂದಿಗೂ ಅದನ್ನು ಹೇಳಿಕೊಂಡು ಖುಷಿಪಡುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ವಾಲಿ ರಾಮನನ್ನೇ ಕೇಳುತ್ತಾನೆ. ರಾಮನ ಭಕ್ತರೇ ತುಂಬಿದ ಸಭೆ ಅದನ್ನು ಗಂಟೆಗಟ್ಟಲೆ ಕೂತು ಕೇಳುತ್ತದೆ, ಎದ್ದು ಹೋಗುವುದಿಲ್ಲ. ಕಥೆಯ ಕೊನೆ ಬದಲಾಗದು, ವಾಲಿ ಸಾಯಲೇಬೇಕು. ಆದರೂ ಅವನ ಮಾತು ಪೂರ್ತಿ ಆಗಬೇಕು. ಮಲಯಾಳದ ಪೊಟ್ಟನ್ ತೆಯ್ಯಂ ಕೂಡ ಇದನ್ನೇ ಮಾಡುತ್ತದೆ. ದಾರಿ ಬಿಡು ಎಂದ ಶಂಕರಾಚಾರ್ಯರನ್ನು ಕೀಳುಜಾತಿಯವನು ನಿಲ್ಲಿಸಿ, ನಮ್ಮಿಬ್ಬರ ರಕ್ತದಲ್ಲಿ ಏನು ವ್ಯತ್ಯಾಸ ಎಂದು ಪ್ರಶ್ನಿಸುತ್ತಾನೆ. ಭಾಷೆ ಎರಡಾದರೂ ಪಾಠ ಒಂದೇ: ಎದುರಿನವನ ಮಾತು ಕೇಳದೆ ನ್ಯಾಯವಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆವು ಗೊತ್ತೇ? ಗಡಿಯಾಚೆಯ ಕನ್ನಡ ಶಾಲೆಗಳ ನ್ಯಾಯದ ಪ್ರಶ್ನೆಯೂ ಇದೇ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಯಾಗಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ಕೊನೆಯವರೆಗೂ ಆ ಕೊರಗು ಇಟ್ಟುಕೊಂಡೇ 2015ರಲ್ಲಿ ಹೋದರು. ಆ ಚರ್ಚೆ ಇಲ್ಲಿ ಬೇಡ. ಅದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕು ಎನ್ನುತ್ತದೆ ಅದು. 'ಯತ್ನಿಸಬೇಕು' ಎಂಬ ಆ ಒಂದು ಪದದೊಳಗೆ ನಮ್ಮ ಮಕ್ಕಳ ಭವಿಷ್ಯ ಸಿಕ್ಕಿಕೊಂಡಿದೆ.

ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ಬಂದಾಗ ಏನಾಗುತ್ತದೆ? ಕಡತದಲ್ಲಿ ಹುದ್ದೆ ಭರ್ತಿ, ನಿಯಮ ಪಾಲನೆ, ಎಲ್ಲವೂ ಸರಿ. ಆದರೆ ಗಣಿತ ಅರ್ಥವಾಗದ ಮಗು ಎದ್ದು ನಿಂತು ಯಾವ ಭಾಷೆಯಲ್ಲಿ ಕೇಳಬೇಕು? ಕೇಳಿದರೂ ಅಧ್ಯಾಪಕರಿಗೆ ತಿಳಿಯದು. ಅವರು ಕೆಟ್ಟವರಲ್ಲ, ಅವರೂ ಕಷ್ಟದಲ್ಲೇ ಇರುತ್ತಾರೆ. ಕೆಲವು ತಿಂಗಳಲ್ಲಿ ಮಗು ಕೇಳುವುದನ್ನೇ ಬಿಡುತ್ತದೆ. ವಾಲಿಗೆ ಸಿಕ್ಕಿದ ಅವಕಾಶ ಈ ಮಗುವಿಗೆ ಇಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ನೇಮಕದ ಮೊದಲೇ ಕನ್ನಡದಲ್ಲಿ ಓದಿ, ಬರೆದು, ಪಾಠ ಮಾಡಿ ತೋರಿಸುವ ಪರೀಕ್ಷೆ ಇರಲಿ. ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ, ಅರ್ಜಿ ಫಾರಂ ಮಲಯಾಳದ ಜೊತೆಗೇ ಕನ್ನಡದಲ್ಲೂ ಬರಲಿ. ಮಲಯಾಳ ಕಲಿಯಲು ನಮ್ಮ ಮಕ್ಕಳಿಗೆ ಅಡ್ಡಿಯಿಲ್ಲ, ಇಲ್ಲಿ ಬದುಕಲು ಅದು ಬೇಕೇ ಬೇಕು. ಕನ್ನಡವನ್ನು ಕಳೆದುಕೊಂಡು ಕಲಿಯಬೇಕಾಗಬಾರದು, ಅಷ್ಟೇ.

ಇದೇ ಅಳತೆಗೋಲು ಕನ್ನಡಿಗರಿಗೂ ಅನ್ವಯಿಸಬೇಕು. ನಮ್ಮ ತರಗತಿಗಳಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನ ಮಕ್ಕಳಿದ್ದಾರೆ. ಅವರ ಬಾಯಿಂದ ಮನೆಮಾತು ಬಂದರೆ ಗದರಿಸುವ ಅಧ್ಯಾಪಕ ಕನ್ನಡಕ್ಕಾಗಿ ನ್ಯಾಯ ಕೇಳುವ ಹಕ್ಕು ಕಳೆದುಕೊಳ್ಳುತ್ತಾನೆ. ಬೆಳಗಾವಿಯ ಮರಾಠಿ ಶಾಲೆಯ ಮಗುವಿಗೂ 350ಎ ಅದೇ ಮಾತು ಕೊಟ್ಟಿದೆ. ಕಾಸರಗೋಡಿನಲ್ಲಿ ಬೆಣ್ಣೆ, ಬೆಳಗಾವಿಯಲ್ಲಿ ಸುಣ್ಣ ಎಂದರೆ ನಮ್ಮ ವಾದ ನಿಲ್ಲದು.

ಕೋರ್ಟು ಹಕ್ಕನ್ನು ಕೊಡಬಹುದು, ಸರಕಾರ ಹುದ್ದೆ ಮಂಜೂರು ಮಾಡಬಹುದು. ಹಿಂದಿನ ಬೆಂಚಿನ ಮಗುವಿನ ಪ್ರಶ್ನೆ ಅಧ್ಯಾಪಕರಿಗೆ ಅರ್ಥವಾಗುತ್ತಿದೆಯೇ ಎಂದು ನೋಡಬೇಕಾದವರು ಮಾತ್ರ ಊರಿನವರು, ರಕ್ಷಕರು, ನಾವು ಮಾಷ್ಟ್ರುಗಳು. ನಿಮ್ಮೂರ ಶಾಲೆಯ ಮುಂದಿನ ರಕ್ಷಕ-ಶಿಕ್ಷಕ ಸಭೆಯಲ್ಲಿ ಈ ಒಂದು ಪ್ರಶ್ನೆ ಎತ್ತುತ್ತೀರಾ?