ಶಾಲೆಯ ಗಂಟೆಗೆ ಲೆಕ್ಕವಿದೆ, ತಂತ್ರಾಂಶಕ್ಕಿಲ್ಲ



ಬೈಂದೂರಿನಿಂದ ಬ್ರಹ್ಮಾವರದವರೆಗೆ ನಾನು ಕಂಡ ಶಾಲೆಗಳ ದಾಸ್ತಾನು ಪುಸ್ತಕಗಳಲ್ಲಿ ಬೆಂಚು, ಕಪಾಟು, ಭೂಪಟ, ಕೊನೆಗೆ ಹಿತ್ತಾಳೆಯ ಗಂಟೆಯೂ ಕ್ರಮಸಂಖ್ಯೆ ಸಹಿತ ನಮೂದಾಗಿದೆ. ಒಂದು ಕುರ್ಚಿ ಕಡಿಮೆಯಾದರೂ ವರ್ಗವಾಗಿ ಹೋಗುವ ಮುಖ್ಯೋಪಾಧ್ಯಾಯರು ಉತ್ತರ ಹೇಳಬೇಕು. ಆದರೆ ಗಣಕಯಂತ್ರದೊಳಗಿನ ತಂತ್ರಾಂಶ ಯಾವುದು, ಅದರ ಪರವಾನಿಗೆ ಎಲ್ಲಿದೆ, ಎಂದಿಗೆ ಮುಗಿಯುತ್ತದೆ ಎಂಬುದಕ್ಕೆ ಅರ್ಧ ಪುಟವೂ ಮೀಸಲಿಲ್ಲ. ಕೇಳಿದರೆ, "ಯಾರ್ ಕೇಂತ್ರ್ ಮಾಸ್ಟ್ರೇ?" ಎಂಬ ಉತ್ತರ.

ಕಾನೂನು ಕೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಂತೆ, ಅನಧಿಕೃತ ಪ್ರತಿಯೆಂದು ತಿಳಿದೂ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡವಿದೆ. ಲಾಭದ ಉದ್ದೇಶವಿಲ್ಲದಿದ್ದರೆ ನ್ಯಾಯಾಲಯ ಸೆರೆವಾಸವನ್ನು ಬಿಡಬಹುದು, ಅಪರಾಧ ಅಪರಾಧವೇ. ಕಾನೂನಿಗಿಂತ ದೊಡ್ಡದು ಮಕ್ಕಳ ಕಣ್ಣು. ಪರೀಕ್ಷೆಯಲ್ಲಿ ಚೀಟಿ ಹಿಡಿದು ಹೊರಗೆ ಕಳುಹಿಸುವ ನಾವು, ಕದ್ದ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಸಿದ್ಧಪಡಿಸುವುದಾದರೆ, ನೀತಿಪಾಠದ ಅವಧಿಯನ್ನು ವೇಳಾಪಟ್ಟಿಯಿಂದ ತೆಗೆದುಬಿಡುವುದೇ ಪ್ರಾಮಾಣಿಕತನ.

"ಬಡ ಶಾಲೆಗೆ ದುಡ್ಡೆಲ್ಲಿ?" ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ನೆರೆಯ ಕೇರಳದ ಸರಕಾರಿ ಶಾಲೆಗಳು ಬಹುಕಾಲದಿಂದ ಗ್ನು/ಲಿನಕ್ಸ್ ಬಳಸುತ್ತಿವೆ. 2019ರಲ್ಲಿ ಅಲ್ಲಿನ ಕೈಟ್ ಸಂಸ್ಥೆ 2 ಲಕ್ಷಕ್ಕೂ ಮಿಕ್ಕಿದ ಗಣಕಗಳಿಗೆ ಹೊಸ ಆವೃತ್ತಿ ಸಿದ್ಧಪಡಿಸಿ, ಪರವಾನಿಗೆಯ ಬಾಬ್ತು ಸುಮಾರು 3,000 ಕೋಟಿ ರೂಪಾಯಿ ಉಳಿಯುವುದೆಂದು ಅಂದಾಜಿಸಿತು. ಕಾಸರಗೋಡಿನ ಕನ್ನಡ ಮಕ್ಕಳು ಕಲಿಯುವುದೂ ಈ ವ್ಯವಸ್ಥೆಯಲ್ಲಿಯೇ. ಅಲ್ಲಿ ಆದದ್ದು ಕುಂದಾಪುರದಲ್ಲಿ ಏಕಾಗದು?

ಉಚಿತ ತಂತ್ರಾಂಶಕ್ಕೂ ಲೆಕ್ಕ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಪಟ್ಟಿಯೇ ಇಲ್ಲದ ಶಾಲೆಗೆ ತನ್ನ ಎಷ್ಟು ಯಂತ್ರಗಳು ಕಾವಲಿಲ್ಲದೆ ನಿಂತಿವೆಯೆಂದು ತಿಳಿಯುವುದಾದರೂ ಹೇಗೆ?

ನಿಮ್ಮಲ್ಲಿ ಎಷ್ಟೋ ಮಂದಿ ಬೆಂಗಳೂರಿನಲ್ಲಿ ತಂತ್ರಾಂಶದಿಂದಲೇ ಅನ್ನ ಉಣ್ಣುತ್ತಿದ್ದೀರಿ. ನಿಮ್ಮ ಸಂಸ್ಥೆಗಳಲ್ಲಿ ಪ್ರತಿ ಪರವಾನಿಗೆಗೂ ಲೆಕ್ಕವಿದೆ. ಊರಿನ ಶಾಲೆಗೆ ಹಳೆಯ ಗಣಕ ದಾನ ಮಾಡಿ, ಫೋಟೋ ತೆಗೆಸಿಕೊಂಡು ಹೋಗುವಾಗ ಆ ಶಿಸ್ತು ಎಲ್ಲಿ ಹೋಗುತ್ತದೆ? ಯಂತ್ರದೊಡನೆ ಪರವಾನಿಗೆಯ ಕಾಗದ ಕೊಡಿ. ಇಲ್ಲವಾದರೆ ಲಿನಕ್ಸ್ ಅಳವಡಿಸಿ, ಒಬ್ಬ ಶಿಕ್ಷಕರಿಗೆ ಕಲಿಸಿ ಹೋಗಿ. ದಾಸ್ತಾನು ಪುಸ್ತಕದಲ್ಲಿ ತಂತ್ರಾಂಶದ ಹೆಸರು, ಆವೃತ್ತಿ, ಪರವಾನಿಗೆ, ಮುಗಿಯುವ ದಿನಾಂಕ ಬರೆಯಿಸಿ, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ. ಅಷ್ಟು ಮಾಡದ ದಾನ ಶಾಲೆಗೆ ಹೊರೆಯೇ ಸರಿ.