ಹರಿಗೋಲಿಗೊಂದು ತೂತು

ಆನೆಗೊಂದಿಯ ಹರಿಗೋಲು ಹೈದರಾಬಾದಿಗೆ ಬಂದಿದ್ದು ಅತ್ತೆಯ ಸಾಮಾನಿನ ಲಾರಿಯಲ್ಲಿ. ಮಾವ ಹೋದ ಮೇಲೆ ಅದು ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಹಿಂದೆ ಇಂಥವಕ್ಕೆ ಚರ್ಮ ಹೊದಿಸುತ್ತಿದ್ದರು. ಇದಕ್ಕೆ ಬಿದಿರಿನ ಹೆಣಿಗೆಯ ಹೊರಗೆ ಪ್ಲಾಸ್ಟಿಕ್ ಹಾಳೆ, ಡಾಂಬರು. ಡಾಂಬರಿನ ಪಕ್ಕ ಸೊಪ್ಪು ಬೆಳೆದು ತಿನ್ನುವುದು ಬೇಡವೆಂದು ಕನಕಾಂಬರ ತಂದೆ. ತಾರಸಿಗೆ ಏರಿಸಲಿಲ್ಲ, ಒದ್ದೆ ಮಣ್ಣು ಘನ ಮೀಟರಿಗೆ 1.5 ಟನ್ನಿನಷ್ಟು ತೂಗುತ್ತದೆ. ಅಂಗಳದಲ್ಲೇ ಇಟ್ಟಿಗೆಗಳ ಮೇಲೆ ಕೂರಿಸಿದೆ. ಬಿದಿರು ನಾಲ್ಕು ಮಳೆಗಾಲ ಬಾಳಿದರೆ ಹೆಚ್ಚು, ಇರಲಿ.

ಉಳಿದದ್ದು ನೀರು ಬಸಿಯಲು ತಳಕ್ಕೆ ತೂತು. ಕೈ ಏಳಲಿಲ್ಲ. 2020ರ ಅಕ್ಟೋಬರಿನಲ್ಲಿ ಇಲ್ಲಿನ ಕಾಲೊನಿಗಳಲ್ಲಿ ದೋಣಿ ಓಡಿದ್ದನ್ನು ಅತ್ತೆ ಟಿವಿಯಲ್ಲಿ ನೋಡಿದವರು; ಬೇಡ ಅನ್ನುತ್ತಾರೆಂದುಕೊಂಡೆ. ಅವರು ಬಗ್ಗಿ ಒಂದು ಕಡೆ ಬೆರಳಿಟ್ಟರು.

"ಇಲ್ಲೇ ಹೊಡಿಯವ್ವ. ನಿಮ್ಮ ಮಾವ ಎಷ್ಟು ಡಾಂಬರು ಬಳಿದ್ರೂ ಇಲ್ಲೇ ಸೋರ್ತಿತ್ತು."